ಮಳೆಗಾಲದಲ್ಲಿ ಬಿಸಿಲು ಕಂಡ ಲೆನ್ಸ್

"ಕೊಡೂದಿಲ್ಲ ಮೇಡಂ," ಎಂದಳು ಗಾಯತ್ರಿ.

ಹೇಳಿದ ಮೇಲೆ ತನ್ನ ದನಿಗೆ ತಾನೇ ಬೆಚ್ಚಿದಳು. ಪೊಲೀಸರ ಎದುರು ಇಲ್ಲ ಎಂದು ಹೇಳಿ ಅವಳಿಗೆ ರೂಢಿಯಿರಲಿಲ್ಲ. ಆದರೂ ತನ್ನ ಅಂಗಡಿಯ ಮೇಜಿನ ಮೇಲಿದ್ದ ಹಳೆಯ ಕ್ಯಾಮೆರಾ ಲೆನ್ಸನ್ನು ಮುಚ್ಚಿಕೊಂಡಿದ್ದ ಅವಳ ಅಂಗೈ ಅಲ್ಲಾಡಲಿಲ್ಲ.

ಪಿಎಸ್‌ಐ ಸಂಧ್ಯಾ ಟೋಪಿ ತೆಗೆದು ಕಂಕುಳಲ್ಲಿ ಸಿಕ್ಕಿಸಿಕೊಂಡರು. "ನಾ ಹೇಳಿದ್ದು ಸರಿ ಕೇಳಿದ್ರಾ? ಇದು ಜಪ್ತಿ ಅಲ್ಲ. ಲೆನ್ಸ್ ರಾಮನಾಥರಿಗೆ ವಾಪಸ್ ಕೊಡಿ, ಅವ್ರು ದೂರು ಹಿಂದೆ ತಕ್ಕೊಳ್ತಾರೆ. ರಾಜು ಮಧ್ಯಾಹ್ನದ ಊಟಕ್ಕೆ ಮನೆ ಮುಟ್ತಾನೆ. ಇಲ್ಲಾಂದ್ರೆ ಸಂಜೆ ಅವನನ್ನ ಕೋರ್ಟಿಗೆ ಕಳಿಸ್ಬೇಕು. ಒಂದು ಸಲ ಕಳ್ಳ ಅಂತ ಹೆಸರು ಹತ್ತಿದ್ರೆ ಯಾವ ಸಾಬೂನಿಗೂ ಹೋಗೂದಿಲ್ಲ, ಗೊತ್ತಲ್ಲ?"

ಸ್ಟೂಲಿನ ಮೇಲೆ ಕುಳಿತಿದ್ದ ರಾಮನಾಥ ಎದುರಿನ ಹೋಟೆಲಿನಿಂದ ತಾನೇ ತರಿಸಿದ್ದ ಚಹಾ ಊದುತ್ತಿದ್ದ. ದೇವಬಾಗದಲ್ಲಿ ಹೋಂಸ್ಟೇ, ಮೈಮೇಲೆ ಬಿಳಿ ಅಂಗಿ, ಎಲ್ಲರಿಗೂ ಬೇಕಾದ ಮನುಷ್ಯ. ಕಾಳಿ ನದಿಯಲ್ಲಿ ಕದ್ದು ಮರಳು ಎತ್ತುವ ದೋಣಿಗಳೂ ಅವನವೇ ಎಂದು ಜನ ಹೇಳುತ್ತಿದ್ದರು. ಅವನಿಗೆ ಕೇಳಿಸುವಂತೆ ಮಾತ್ರ ಯಾರೂ ಹೇಳುತ್ತಿರಲಿಲ್ಲ.

ಆ ದೋಣಿಗಳ ಚಿತ್ರ ತೆಗೆಯಲು ಹೋದ ಅಂಕೋಲೆಯ ಫೋಟೋಗ್ರಾಫರ್ ಪುಂಡಲೀಕ ಜೂನ್ ತಿಂಗಳ ಮೊದಲ ಮಳೆಯಲ್ಲಿ, ನದಿ ಕಡಲು ಸೇರುವ ಅಳಿವೆಯಲ್ಲಿ ಮುಳುಗಿದ ಎಂದು ಹೇಳಿಕೆ ಕೊಟ್ಟವನೂ ಇದೇ ರಾಮನಾಥ. ಎಷ್ಟೋ ದಿನಗಳ ಮೇಲೆ ಮಾಜಾಳಿಯ ದಂಡೆಗೆ ಬಂದ ಹೆಣಕ್ಕೆ ಮುಖವೆಂಬುದು ಉಳಿದಿರಲಿಲ್ಲ. ಕೊರಳಲ್ಲಿ ಪುಂಡಲೀಕನ ಡಿಜಿಟಲ್ ಕ್ಯಾಮೆರಾ ಇತ್ತು, ಅದನ್ನು ತೋರಿಸಿ ಇದು ಅವನೇ ಎಂದು ಗುರುತು ಹೇಳಿದವನೂ ರಾಮನಾಥ. ಕ್ಯಾಮೆರಾದಲ್ಲಿ ಲೆನ್ಸ್ ಇರಲಿಲ್ಲ.

ಮೊನ್ನೆ ಆ ಲೆನ್ಸ್ ಒಂದು ಟವೆಲಿನಲ್ಲಿ ಸುತ್ತಿಕೊಂಡು ಗಾಯತ್ರಿಯ ಅಂಗಡಿಗೆ ಬಂತು. ತಂದವನು ಅಂಕೋಲೆ ಕಡೆಯ ಬೊಮ್ಮಿ ಅಜ್ಜಿಯ ಮೊಮ್ಮಗ ರಾಜು, ಗೋಡೆಗೆ ಬಣ್ಣ ಹಚ್ಚುವ ಕೆಲಸದವನು. "ಅಕ್ಕಾ, ಅಜ್ಜಿ ಮನೆ ಅಕ್ಕಿ ಡಬ್ಬಿಲಿತ್ತು. ಇದೆಲ್ಲ ಈಗ ನಡೀತದಾ?" ಎಂದು ಕೇಳಿದ್ದ. ಠಾಣೆಗೆ ಫೋನ್ ಮಾಡಿದವಳು ಗಾಯತ್ರಿಯೇ. ಪುಂಡಲೀಕನ ಕಡತ ಮತ್ತೆ ತೆರೆಯುತ್ತದೆ ಎಂದುಕೊಂಡಿದ್ದಳು. ತೆರೆದದ್ದು ರಾಜುವಿನ ಪಾಲಿಗೆ ಲಾಕಪ್ಪಿನ ಬಾಗಿಲು. ಸುದ್ದಿ ದೇವಬಾಗ ಮುಟ್ಟಿದ್ದೇ ತಡ, ಲೆನ್ಸ್ ತನ್ನದು, ಹೋಂಸ್ಟೇಗೆ ಬಣ್ಣ ಹಚ್ಚಲು ಬಂದ ಹುಡುಗ ಕದ್ದ ಎಂದು ರಾಮನಾಥ ದೂರು ಬರೆದುಕೊಟ್ಟಿದ್ದ.

ಲೆನ್ಸ್ ಕೊಟ್ಟರೆ ರಾಜು ಮನೆಗೆ. ಕೊಡದಿದ್ದರೆ ಕೋರ್ಟಿಗೆ. ಕೊಟ್ಟರೆ ಪುಂಡಲೀಕನ ಸಾವು ಅಲ್ಲಿಗೇ ಮುಗಿಯಿತು, ಅವನ ಪರವಾಗಿ ಮಾತಾಡುವ ಇನ್ನೊಂದು ವಸ್ತು ಈ ಭೂಮಿಯ ಮೇಲಿಲ್ಲ.

ಗಾಯತ್ರಿಗೆ ರಾತ್ರಿಯಿಡೀ ನಿದ್ದೆ ಬಂದಿರಲಿಲ್ಲ. ತಾನು ಸುಮ್ಮನೆ ಇದ್ದಿದ್ದರೆ ಆ ಹುಡುಗ ಲೆನ್ಸ್ ಮಾರಿದ ದುಡ್ಡಲ್ಲಿ ಹೊಸ ಮೊಬೈಲ್ ಕೊಂಡು ಖುಷಿಯಾಗಿರುತ್ತಿದ್ದ ಎಂದು ಮನಸ್ಸು ಕುಟುಕುತ್ತಲೇ ಇತ್ತು. ಈಗಲೂ ಕುಟುಕುತ್ತಿದೆ.

"ಬಾಯಿ," ಎಂದ ರಾಮನಾಥ ಕೊನೆಗೆ, ಕೊಂಕಣಿಯಲ್ಲಿ ಅಕ್ಕತಂಗಿಯರನ್ನು ಕರೆಯುವಂತೆ, ಬಹಳ ಮೆತ್ತಗೆ. "ಮೊಬೈಲಲ್ಲೇ ಸಿನಿಮಾ ತೆಗೆಯೂ ಕಾಲ. ಈ ಗುಜರಿಗೋಸ್ಕರ ಒಂದು ಬಡ ಹುಡುಗನ ಬಾಳು ಹಾಳು ಮಾಡ್ತೀಯಾ?"

"ಗುಜರಿ ಅಂದ್ರೆ ನಿಮ್ಗೆ ಯಾಕೆ ಬೇಕು?"

ಸಂಧ್ಯಾ ಮುಖ ಆ ಕಡೆ ತಿರುಗಿಸಿಕೊಂಡರು. ನಗು ಬಂದಿರಬೇಕು.

ಗುಜರಿ ಎಂದು ಗಾಯತ್ರಿ ಈ ಮೊದಲೂ ಸಾವಿರ ಸಲ ಕೇಳಿದ್ದಳು. ಗೋಡೆಯ ಕಪಾಟಿನಲ್ಲಿ ರೀಲಿನ ಕಾಲದ ಲೆನ್ಸುಗಳು ಸಾಲಾಗಿ ಕುಳಿತಿದ್ದವು. ಉಪ್ಪಿನಕಾಯಿಗೂ ಬೂಷ್ಟು ಹಿಡಿಯುವ ಊರಿನಲ್ಲಿ ಗಾಜಿಗೆ ಬೂಷ್ಟು ಹಿಡಿಯದಿರಲೆಂದು ಕಪಾಟಿನೊಳಗೆ ಸದಾ ಒಂದು ಬಲ್ಬು ಉರಿಯುತ್ತಿತ್ತು. ಮುಚ್ಚಿದ ಸ್ಟುಡಿಯೋಗಳಿಂದ ಅವನ್ನು ತಂದು, ಬಿಚ್ಚಿ, ಒರೆಸಿ, ಎಣ್ಣೆ ಬದಲಿಸಿ ಅವಳು ಮಾರುತ್ತಿದ್ದಳು. ಹೊಸ ಕ್ಯಾಮೆರಾಕ್ಕೆ ಒಂದು ಅಡಾಪ್ಟರ್ ರಿಂಗ್ ಹಾಕಿದರೆ ಸಾಕು, ಐವತ್ತು ವರ್ಷದ ಗಾಜು ಮತ್ತೆ ಕಣ್ಣು ಬಿಡುತ್ತದೆ. ಪುಣೆಯಿಂದ, ಕೊಚ್ಚಿಯಿಂದ ಹುಡುಗರು ತರಿಸಿಕೊಳ್ಳುತ್ತಾರೆ. ಹೊಸ ಲೆನ್ಸು ಎಲ್ಲವನ್ನೂ ಕಾಣಿಸುತ್ತದೆ, ಹಳೆಯದು ನೋಡಬೇಕಾದ್ದನ್ನು ಕಾಣಿಸುತ್ತದೆ ಎಂದು ಪುಂಡಲೀಕ ಹೇಳುತ್ತಿದ್ದ.

"ಆ ಲೆನ್ಸ್ ನಂದೇ ಅನ್ನೂಕೆ ಗುರುತು ಹೇಳ್ಲಾ ಮೇಡಂ?" ರಾಮನಾಥ ಸಂಧ್ಯಾರತ್ತ ತಿರುಗಿದ. "ಹಿಂದಿನ ಸ್ಕ್ರೂಗಳಲ್ಲಿ ಒಂದು ಹಿತ್ತಾಳೇದು. ನೋಡಿ ಬೇಕಾದ್ರೆ."

ಸಂಧ್ಯಾ ನೋಡಿದರು. ಹಿತ್ತಾಳೆಯದೇ.

"ಅದನ್ನ ಹಾಕಿದವಳು ನಾನು," ಎಂದಳು ಗಾಯತ್ರಿ. "ಪುಂಡಲೀಕಣ್ಣನಿಗೆ ಮಾರೂವಾಗ ಹಾಕಿಕೊಟ್ಟಿದ್ದೆ. ನಿಮ್ಮ ಹೋಂಸ್ಟೇಲಿ ಅವ್ರು ಎಷ್ಟು ಮದುವೆ ಫೋಟೋ ತೆಗೆದಿಲ್ಲ? ನೀವು ಕೈಯಲ್ಲಿ ಹಿಡಿದು ನೋಡಿದ್ದು ಇರ್ತದೆ."

"ನೋಡಿದ್ದಲ್ಲ, ತಕೊಂಡದ್ದು. ಅವ್ನ ಕೈಯಿಂದ ನಾನೇ ದುಡ್ಡು ಕೊಟ್ಟು ತಕೊಂಡೆ."

"ಮೇಡಂ," ಗಾಯತ್ರಿ ಸಂಧ್ಯಾರನ್ನು ನೋಡಿದಳು. "ಹೆಣದ ಕ್ಯಾಮೆರಾದಲ್ಲಿ ಅಡಾಪ್ಟರ್ ಇತ್ತು, ಲೆನ್ಸ್ ಇರ್ಲಿಲ್ಲ. ಸಮುದ್ರ ಕಿತ್ಕಂಡು ಹೋಗಿರ್ಬೇಕು ಅಂತ ಆವಾಗ ಬರೆದ್ರು. ಈ ಲೆನ್ಸ್ ಕಿತ್ರೆ ಬರೂದಿಲ್ಲ. ಶೀಸೆ ಮುಚ್ಚಳದ ಹಾಂಗೆ ಸುತ್ತು ಸುತ್ತು ತಿರುಪಬೇಕು. ಸಮುದ್ರ ಕೀಳ್ತದೆ, ಒಡೀತದೆ. ಕೂತ್ಕಂಡು ತಿರುಪೂದಿಲ್ಲ."

"ಅದನ್ನೇ ನಾನೂ ಹೇಳೂದು," ರಾಮನಾಥ ಸಂತೋಷದಿಂದ ತೊಡೆ ತಟ್ಟಿದ. "ಕ್ಯಾಮೆರಾದಲ್ಲಿ ಲೆನ್ಸ್ ಹೇಗಿರ್ತದೆ, ಅದು ನನ್ನ ಮನೇಲಿತ್ತಲ್ಲ. ಬಾಯಿ ನನ್ನ ಕಡೇ ಸಾಕ್ಷಿ ಹೇಳ್ತಾ ಇದ್ದಾಳೆ."

ಗಾಯತ್ರಿ ಈ ಮಾತಿನಿಂದ ಅವನನ್ನು ಕಟ್ಟಿಹಾಕುತ್ತೇನೆ ಎಂದು ರಾತ್ರಿಯೆಲ್ಲ ಹೆಣೆದಿದ್ದಳು. ಅವನು ಅದನ್ನೇ ಹಗ್ಗ ಮಾಡಿಕೊಂಡು ದಡ ಹತ್ತಿದ್ದ.

ಸಂಧ್ಯಾ ಗಡಿಯಾರ ನೋಡಿಕೊಂಡರು. "ಗಾಯತ್ರಿ, ನೋಡಿ..."

"ಒಂದೇ ನಿಮಿಷ ಮೇಡಂ. ರಾಮನಾಥರೇ, ಇದನ್ನ ಯಾವಾಗ ತಕೊಂಡ್ರಿ?"

"ಮೇ ತಿಂಗಳು. ಕೊನೆಗೆ."

"ಎಲ್ಲಿಟ್ಟಿದ್ರಿ?"

"ಕಬ್ಬಿಣದ ಕಪಾಟಲ್ಲಿ. ಬೀಗ ಹಾಕಿ. ಆ ಹುಡುಗ ಬೀಗದ ಕೈ ಹುಡುಕಿ ತೆಗೆದ."

"ನಡುವೆ ಒಮ್ಮೆಯಾದ್ರೂ ಹೊರಗೆ ತೆಗೆದ್ರಾ? ಫೋಟೋ ಹೊಡೀಲಿಕ್ಕೆ, ಯಾರಿಗಾದ್ರೂ ತೋರ್ಸಲಿಕ್ಕೆ?"

"ಇಲ್ಲಪ್ಪ. ಮಳೇಲಿ ಬೂಷ್ಟು ಬರ್ತದೆ ಅಂತ ಮುಟ್ಟೂಕೂ ಹೋಗ್ಲಿಲ್ಲ. ಜೂನಿಂದ ಕತ್ತಲಲ್ಲೇ ಇತ್ತು."

"ಮೇಡಂ ಕೇಳಿದ್ರಲ್ಲ, ಕತ್ತಲಲ್ಲೇ ಇತ್ತು."

"ಕೇಳ್ದೆ," ಎಂದರು ಸಂಧ್ಯಾ.

ಗಾಯತ್ರಿ ಎದ್ದು ಕಪಾಟಿನ ಬಾಗಿಲು ತೆರೆದು ಹಿಂದಿನ ಸಾಲಿನಿಂದ ಇನ್ನೊಂದು ಲೆನ್ಸ್ ತಂದಳು. ಅದೇ ಗಾತ್ರ, ಅದೇ ಕಪ್ಪು ಉಂಗುರ, ಅದೇ ಕೆತ್ತಿದ ಅಕ್ಷರ. ಮೇಜಿನ ಮೇಲೆ ಬಿಳಿ ಕಾಗದ ಹಾಸಿ ಎರಡನ್ನೂ ಪಕ್ಕ ಪಕ್ಕ ನಿಲ್ಲಿಸಿದಳು.

"ಮೇಲಿಂದ ನೋಡಿ ಮೇಡಂ. ಒಳಗಿಂದ ಕಾಗದ ಕಾಣ್ತದಲ್ಲ, ಅದನ್ನ ನೋಡಿ."

ಸಂಧ್ಯಾ ಬಗ್ಗಿದರು. ರಾಜು ತಂದ ಲೆನ್ಸಿನಲ್ಲಿ ಕಾಗದ ಬಿಳಿಯಾಗಿಯೇ ಕಾಣುತ್ತಿತ್ತು. ಕಪಾಟಿನಿಂದ ತಂದದ್ದರಲ್ಲಿ ಅದೇ ಕಾಗದ ಹಾಲಿಲ್ಲದ ಚಹಾದಲ್ಲಿ ಅದ್ದಿ ತೆಗೆದಂತಿತ್ತು.

"ಇವೆರಡೂ ಅಣ್ಣ ತಮ್ಮ. ಗೋವಾದ ಒಂದು ಸ್ಟುಡಿಯೋ ಮುಚ್ಚಿದಾಗ ಒಂದೇ ಪೆಟ್ಟಿಗೇಲಿ ಬಂದವು. ಬರೂವಾಗ ಎರಡೂ ಹೀಗೇ ಹಳದಿ ಇದ್ವು. ಹಿಂದೆ ಕೆಲವು ಲೆನ್ಸಿನ ಗಾಜಿಗೆ ಥೋರಿಯಂ ಬೆರೆಸ್ತಿದ್ರು. ವರ್ಷಗಟ್ಲೆ ಕತ್ತಲಲ್ಲಿ ಬಿದ್ರೆ ಅದು ಹಳದಿಯಾಗ್ತದೆ."

ಸಂಧ್ಯಾ ಅರ್ಧ ಹೆಜ್ಜೆ ಹಿಂದೆ ಸರಿದರು. "ಥೋರಿಯಂ ಅಂದ್ರೆ... ಕೈಗಾ ಅಣುಸ್ಥಾವರದ ಸಾಮಾನಾ?"

"ಅಷ್ಟು ದೊಡ್ಡದಲ್ಲ ಮೇಡಂ. ದಿಂಬಿನ ಅಡಿಗೆ ಇಟ್ಕಂಡು ಮಲಗದಿದ್ರೆ ಸಾಕು."

"ಹ್ಞೂಂ. ಮುಂದೆ ಹೇಳಿ."

"ಈ ಹಳದಿಗೆ ಒಂದೇ ಮದ್ದು, ಬಿಸಿಲು. ವಾರಗಟ್ಲೆ ಸುಡು ಬಿಸಿಲಿಗೆ ಇಟ್ರೆ ಗಾಜು ತಿಳಿಯಾಗ್ತದೆ. ಕತ್ತಲಲ್ಲಿ ತಾನಾಗಿ ಯಾವತ್ತೂ ತಿಳಿಯಾಗೂದಿಲ್ಲ. ನನ್ನ ಕಪಾಟಿನ ಬಲ್ಬಿಗೂ ಆಗೂದಿಲ್ಲ, ಈ ತಮ್ಮನನ್ನೇ ನೋಡಿ. ಮೇ ತಿಂಗಳು ನಾನು ಪುಂಡಲೀಕಣ್ಣನಿಗೆ ಕೊಟ್ಟದ್ದು ಹಳದಿ ಗಾಜು. ಅದು ಇವ್ರ ಕಬ್ಬಿಣದ ಕಪಾಟಲ್ಲಿ ಬೀಗ ಹಾಕ್ಕೊಂಡು ಕೂತಿದ್ರೆ, ಈಗಲೂ ಚಹಾದ ಬಣ್ಣವೇ ಇರ್ಬೇಕಿತ್ತು."

ಹೊರಗೆ ಮೀನು ಮಾರುವವಳು ಬಂಗಡೆ ಬಂಗಡೆ ಎಂದು ಕೂಗಿಕೊಂಡು ಹೋದಳು.

ಸಂಧ್ಯಾ ಮತ್ತೊಮ್ಮೆ ಬಗ್ಗಿ, ಒಂದು ಲೆನ್ಸಿನಿಂದ ಇನ್ನೊಂದಕ್ಕೆ ಕಣ್ಣು ಹಾಯಿಸಿದರು. ಬಳಿಕ ನಿಧಾನವಾಗಿ ಟೋಪಿ ಹಾಕಿಕೊಂಡರು.

"ರಾಮನಾಥರೇ, ಇದಕ್ಕೆ ಎಂತ ಹೇಳ್ತೀರಿ?"

ಅವನು ತಬ್ಬಿಬ್ಬಾಗುತ್ತಾನೆ ಎಂದುಕೊಂಡಿದ್ದಳು ಗಾಯತ್ರಿ. ಅವನು ನಕ್ಕ.

"ಬಿಸಿಲು. ಚೆಂದ ಕಥೆ. ಬಾಯಿ, ಒಂದು ಮಾತು ಕೇಳ್ತೇನೆ. ಜೂನಿಂದ ಮೊನ್ನೆವರೆಗೆ ಕಾರವಾರದಲ್ಲಿ ನೀನು ಬಿಸಿಲು ಕಂಡದ್ದು ಯಾವಾಗ?"

ಗಾಯತ್ರಿಯ ಕಣ್ಣು ಬಾಗಿಲ ಮೂಲೆಗೆ ಆನಿಸಿದ್ದ ಕೊಡೆಯತ್ತ ಹೋಯಿತು.

"ಕೊಡೆ ಮಡಚಿದ್ದು ನೆನಪಿದೆಯಾ? ಚೌತಿ ದಿನ ಗಣಪತಿ ಮುಳುಗಿಸೂವಾಗ ಎಲ್ರೂ ನೆಂದು ಇಲಿಯಾದದ್ದು ಮರೆತೆಯಾ? ಒಗೆದ ಚಡ್ಡಿ ಒಣಗದ ಊರಲ್ಲಿ ನಿನ್ನ ಲೆನ್ಸಿಗೆ ವಾರಗಟ್ಲೆ ಬಿಸಿಲು ಎಲ್ಲಿಂದ ತಂದೆ?" ಅವನು ಸಂಧ್ಯಾರತ್ತ ಕೈ ಚಾಚಿದ. "ನನ್ನ ಕಪಾಟಲ್ಲಿ ಕತ್ತಲು, ಒಪ್ಪಿದೆ. ಆ ಅಜ್ಜಿ ಅಕ್ಕಿ ಡಬ್ಬಿಲಿ ಎಂತ ಸೂರ್ಯ ಹುಟ್ತಾನಾ? ಅಂಕೋಲೆಗೆ ದೇವರು ಬೇರೆ ಸೂರ್ಯ ಕೊಟ್ಟಿದಾನಾ? ನಾನು ಸುಳ್ಳಾದ್ರೆ ಆ ಹುಡುಗನೂ ಸುಳ್ಳೇ ಮೇಡಂ."

ಮಾತು ನಿಜ. ಇಡೀ ಮಳೆಗಾಲ ಗಾಯತ್ರಿ ತಾನೇ ಬಲ್ಬು ಹಾಕಿಕೊಂಡು ಕೂತಿದ್ದವಳು. ತಿಳಿಯಾದ ಗಾಜು ಕಂಡೊಡನೆ ಬಿಸಿಲು ಎಂದುಕೊಂಡಳು, ಬಿಸಿಲು ಎಲ್ಲಿಯದು ಎಂದು ಕೇಳಿಕೊಳ್ಳಲೇ ಇಲ್ಲ. ಇಷ್ಟು ಸಣ್ಣ ವಿಷಯ. ಪಾಠ ಬಾಯಿಗೆ ಬಂತೆಂದು ಲೆಕ್ಕವೂ ಬಂತು ಎಂದು ತಿಳಿಯುವುದು ಅವಳ ಹಳೆಯ ಚಾಳಿ.

"ಮೇಡಂ, ಅದು..." ಎಂದಳು.

"ಕೊಟ್ಬಿಡಿ ಗಾಯತ್ರಿ," ಎಂದರು ಸಂಧ್ಯಾ. ಈ ಸಲ ದನಿಯಲ್ಲಿ ಕರುಣೆಯೂ ಇತ್ತು, ಅದೇ ಅವಳನ್ನು ಚುಚ್ಚಿತು.

ಅರ್ಗಾದಲ್ಲಿ ಅಪ್ಪನ ಸ್ಟುಡಿಯೋ ಇದ್ದ ಜಾಗ ಈಗ ನೌಕಾನೆಲೆಯ ಗೋಡೆಯ ಒಳಗಿದೆ. ನೆಲೆಗೆ ಊರು ಬಿಟ್ಟುಕೊಟ್ಟು ತೋಡೂರಿನ ಕಾಲೊನಿಗೆ ಸಾಮಾನು ಸಾಗಿಸುವ ದಿನ ದೊಡ್ಡ ಕ್ಯಾಮೆರಾ ಎತ್ತಲಾಗದೆ ಅಲ್ಲೇ ಬಿಟ್ಟರು. "ಕೊಟ್ಬಿಡುವಾ, ಮತ್ತೆಂತ ಮಾಡೂದು" ಎಂದು ಅಪ್ಪ ಹೇಳಿದ್ದು ಅವಳಿಗೆ ನೆನಪಿದೆ. ಅಂದಿನಿಂದ ಆ ಮಾತು ಅವಳ ಕಿವಿಗೆ ಆಗುತ್ತಿರಲಿಲ್ಲ.

"ಇಲ್ಲ," ಎಂದಳು. "ರಾಜು ಸುಳ್ಳು ಹೇಳಿರ್ಬಹುದು. ನಂಗೆ ಗೊತ್ತಿಲ್ಲ. ನನ್ನ ತಿಳಿವಳಿಕೆ ಅರ್ಧ ಇರ್ಬಹುದು. ಆದ್ರೆ ಕಪಾಟಲ್ಲಿತ್ತು ಅಂದ ಇವ್ರ ಮಾತು ಪೂರಾ ಸುಳ್ಳು. ಸುಳ್ಳು ಹೇಳಿ ಒಂದು ಲೆನ್ಸ್ ಯಾಕೆ ಬೇಕು ಇವ್ರಿಗೆ? ಅದನ್ನ ಕೇಳೂವರೆಗೆ ನಾನು ಕೊಡೂದಿಲ್ಲ. ಬೇಕಾದ್ರೆ ನನ್ನನ್ನೂ ರಾಜು ಪಕ್ಕ ಕೂರ್ಸಿ. ಲೆನ್ಸ್ ಜಪ್ತಿ ಮಾಡಿ ಸೀಲ್ ಹಾಕಿ ನೀವು ಇಟ್ಕೊಳ್ಳಿ. ಇವ್ರ ಕೈಗೆ ಮಾತ್ರ ಇಲ್ಲ."

ಸಂಧ್ಯಾ ಏನೋ ಹೇಳಹೊರಟರು. ಅಷ್ಟರಲ್ಲಿ ರಾಮನಾಥ ಕೇಳಿದ, "ಈ ಬಿಸಿಲಿನ ವಿಷಯ ಮತ್ತೆ ಯಾರಿಗೆ ಗೊತ್ತು?"

ಪ್ರಶ್ನೆ ಕೇಳಿದ ರೀತಿ ಬೇರೆಯಾಗಿತ್ತು. ಗೇಲಿ ಇರಲಿಲ್ಲ.

"ಮೊಬೈಲಲ್ಲಿ ಹುಡುಕಿದ್ರೆ ಯಾರ್ಗೂ ಸಿಗ್ತದೆ ಬಿಡಿ," ಎಂದರು ಸಂಧ್ಯಾ.

"ಹುಡುಕೂಕೆ ಮೊದಲು ಇದು ಯಾಕೆ ಹಳದಿ ಅಂತ ಕೇಳೂ ಮನಸ್ಸು ಬೇಕಲ್ಲ ಮೇಡಂ. ಈ ಕಡೆ ಕೇಳಿದವ್ರು ಒಬ್ಬರೇ. ಪುಂಡಲೀಕಣ್ಣ. ಅವ್ರಿಗೆ ಹೇಳಿದ್ದೆ, ಮಳೆ ಮುಗೀಲಿ, ಆಮೇಲೆ ಬಿಸಿಲಿಗಿಡಿ ಅಂತ."

ರಾಮನಾಥ ಲೆನ್ಸನ್ನೇ ನೋಡುತ್ತ ಕುಳಿತ. ಬಿಳಿ ಕಾಗದದ ಮೇಲೆ ಅದು ನೀರಿನಂತೆ ತಿಳಿಯಾಗಿ ನಿಂತಿತ್ತು. ಅವನ ಕೈಯ ಚಹಾದ ಲೋಟ ಮೇಜಿನ ಅಂಚಿಗೆ ತಾಗಿ ಸದ್ದಾಯಿತು. ಚಹಾ ಅವನ ಬಿಳಿ ಅಂಗಿಯ ಮೇಲೆ ಚೆಲ್ಲಿತು. ಅದನ್ನು ಒರೆಸಿಕೊಳ್ಳಲೂ ಅವನು ಹೋಗಲಿಲ್ಲ.

"ಲೆನ್ಸ್ ಬೇಡ," ಎಂದ.

"ಎಂತ?" ಎಂದರು ಸಂಧ್ಯಾ.

"ಬೇಡ ಮೇಡಂ. ನಂದು ಬೇರೆ ಇರ್ಬೇಕು. ಕಪಾಟಲ್ಲಿ ಇನ್ನೊಮ್ಮೆ ಹುಡುಕ್ತೇನೆ. ದೂರು ವಾಪಸ್ ತಕ್ಕೊಳ್ತೇನೆ, ಈಗ್ಲೇ ಠಾಣೆಗೆ ಬರ್ತೇನೆ. ಪಾಪ, ಹುಡುಗ. ನಾನೇ ಕಾರಲ್ಲಿ ಅಂಕೋಲೆಗೆ ಬಿಟ್ಟು ಬರ್ತೇನೆ. ಅಜ್ಜಿ ಹತ್ರ ಒಂದು ಮಾತು ತಪ್ಪಾಯ್ತು ಅಂತ ಹೇಳ್ಬೇಕು."

ಅವನು ಹೊರಗೆ ಹೋಗಿ ಕಾರಿನ ಬಾಗಿಲು ತೆಗೆದ. ಸಂಧ್ಯಾ ಬಾಗಿಲಲ್ಲಿ ತಿರುಗಿ ಗಾಯತ್ರಿಯ ಭುಜ ತಟ್ಟಿದರು. "ಗೆದ್ರಲ್ಲ ಮಾರಾಯ್ತಿ. ಇನ್ನಾದ್ರೂ ಚಹಾ ಕುಡೀರಿ."

ಗೆದ್ದೆ ಎಂದು ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಸೋತವನು ಹೀಗೆ ಅವಸರದಲ್ಲಿ ಎದ್ದುಹೋಗುವುದನ್ನು ಅವಳು ಕಂಡಿರಲಿಲ್ಲ. ಅವನು ಎದ್ದದ್ದು ಅವಳ ವಾದಕ್ಕೆ ಹೆದರಿ ಅಲ್ಲ. ವಾದ ಮುರಿದುಬಿದ್ದ ಮೇಲೆ, ಆ ಮುರುಕಿನೊಳಗೆ ಅವಳಿಗೆ ಕಾಣದ ಏನನ್ನೋ ಕಂಡು ಎದ್ದಿದ್ದ.

ಲೆನ್ಸನ್ನು ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು, ಅಂಗಡಿಗೆ ಬೀಗ ಹಾಕಿ, ಗಾಯತ್ರಿ ಸ್ಕೂಟರ್ ಹತ್ತಿದಳು.

ಬಿಸಿಲು ಬಂದು ಮೂರು ದಿನವಷ್ಟೇ ಆಗಿತ್ತು. ಬಿಣಗಾ ದಾಟಿ ಅರ್ಗಾದ ಉದ್ದನೆಯ ಗೋಡೆ ಬಂತು. ಯಾವಾಗಲೂ ಮಾಡುವಂತೆ ಆ ಕಡೆ ನೋಡದೆ ಮುಂದೆ ಹೋದಳು. ತೋಡೂರು ಬಂತು, ಮನೆಗೂ ತಿರುಗಲಿಲ್ಲ. ದಾರಿಯುದ್ದಕ್ಕೂ ಜನ ಮನೆಯೊಳಗಿನದನ್ನೆಲ್ಲ ಹೊರಗೆ ತಂದು ಹರವಿದ್ದರು. ಚಾಪೆ, ಕಂಬಳಿ, ಹಾಸಿಗೆ, ಮಕ್ಕಳ ಶಾಲೆಯ ಚೀಲ. ಗೇಟಿನ ಮೇಲೆ, ಬೈಕಿನ ಮೇಲೆ, ಬಸ್ ಸ್ಟಾಪಿನ ಬೆಂಚಿನ ಮೇಲೆ. ಇಡೀ ಕರಾವಳಿ ಮೈ ಒಣಗಿಸಿಕೊಳ್ಳುತ್ತಿತ್ತು.

ಮೂರು ದಿನದ ಬಿಸಿಲಿಗೆ ಕಂಬಳಿ ಒಣಗಬಹುದು. ಈ ಗಾಜು ತಿಳಿಯಾಗುವುದಿಲ್ಲ. ರಾಮನಾಥನ ಪ್ರಶ್ನೆ ಅವಳ ಬೆನ್ನ ಹಿಂದೆಯೇ ಕುಳಿತು ಬರುತ್ತಿತ್ತು. ಬಿಸಿಲು ಎಲ್ಲಿಯದು?

ಅಂಕೋಲೆಯ ಹೊರಗೆ ಗದ್ದೆ ಬಯಲಿನ ಅಂಚಿನಲ್ಲಿ ಬೊಮ್ಮಿ ಅಜ್ಜಿಯ ಕೊಪ್ಪ. ಹತ್ತಾರು ಮನೆಗಳು ಒಂದರ ಬೆನ್ನಿಗೆ ಒಂದು ಕುಳಿತಿದ್ದವು. ಕಾರು ಬಯಲಿನ ದಾರಿಯಲ್ಲಿ ಅಂಗಳದವರೆಗೂ ಬರಬಹುದು, ಸ್ಕೂಟರ್ ಅಡ್ಡದಾರಿ ಹಿಡಿದರೆ ಬೇಗ. ಅಜ್ಜಿ ಅಂಗಳದಲ್ಲಿ ಸೀರೆ, ಚಾದರ ಹರವಿಕೊಂಡು ನಡುವೆ ಕೂತಿದ್ದಳು. ಕೊರಳ ತುಂಬ ಮಣಿಸರ, ಎರಡೂ ಕಣ್ಣಿಗೆ ಬೂದು ಪೊರೆ.

"ಯಾರೇ ಅದು?"

"ನಾನು ಅಜ್ಜಿ. ಕಾರವಾರದ ಲೆನ್ಸ್ ಅಂಗಡಿ ಗಾಯತ್ರಿ."

"ನೀನೇ ಅನಾ ಗಾಯತ್ರಿ." ಅಜ್ಜಿ ಬಟ್ಟೆ ಸರಿಸಿ ಜಾಗ ಮಾಡಿದಳು. "ನನ್ ಮೊಮ್ಮಗನ್ನ ಹಿಡ್ಸಿಕೊಟ್ಟವ್ಳು ನೀನೇ ಅಲ್ದಾ?"

ಗಾಯತ್ರಿ ತಲೆ ತಗ್ಗಿಸಿದಳು. "ಹೌದಜ್ಜಿ. ಬಿಡ್ಸಿದವ್ಳೂ ನಾನೇ. ಕಾರಲ್ಲಿ ಬರ್ತಾ ಇದಾನೆ."

"ಹಾಂಗಾರೆ ಕೂತ್ಕ. ಬೈಯೂದು ಆಮೇಲೆ."

ಗಾಯತ್ರಿ ಕೂತಳು. ಟವೆಲು ಬಿಚ್ಚಿ ಲೆನ್ಸನ್ನು ಅಜ್ಜಿಯ ಅಂಗೈಗೆ ಇಟ್ಟಳು. ಅಜ್ಜಿಯ ಬೆರಳು ಅದರ ಉಂಗುರಗಳ ಮೇಲೆ ಒಮ್ಮೆ ಓಡಾಡಿತು.

"ಇದನ್ನ ಬಿಸಿಲಿಗೆ ಇಟ್ಟಿದ್ರಾ ಅಜ್ಜಿ?"

"ಬಿಸ್ಲು ಎಲ್ಲಿತ್ತೇ ಮಗ? ಅಕ್ಕಿ ಡಬ್ಬಿಲೇ ಇತ್ತು. ನಂಗೆ ಕೊಟ್ಟದ್ದು ಚೌತಿ ಕಳ್ದ ಮೇಲೆ. ಅಕ್ಕಿಲಿ ಹುಗ್ಸಿಡು, ಥಂಡಿ ಹಿಡೂದಿಲ್ಲ ಅಂದ. ಆ ರಾಜು ಮೂಳ ಅಕ್ಕಿ ತೆಗೂಕೆ ಹೋಗಿ ಕೈಗೆ ಸಿಕ್ಸ್ಕಂಡ. ಪೋಲೀಸ್ನ ಮುಂದೆ ನಾ ಬಾಯಿ ಬಿಡ್ಲಿಲ್ಲ. ಮಾತು ಕೊಟ್ಟಿದ್ದೆ."

"ಯಾರಿಗೆ?"

"ಕೊಟ್ಟವ್ನಿಗೆ. ಗಾಯತ್ರಿ ತಾನಾಗಿ ಕೇಳ್ಕಂಡು ಬಂದ್ರೆ ಹೇಳು, ಮತ್ಯಾರು ಕೇಳೂಕೆ ಬಂದ್ರೂ ಹೇಳ್ಬೇಡ ಅಂದಿದ್ದ. ಕಂಡಕೂಡ್ಲೆ ಅವ್ಳಿಗೆ ತಿಳೀತದೆ ಅಂದ. ತಿಳೀತ ನಿಂಗೆ?"

"ಕೊಟ್ಟವ್ರು ಯಾರು ಅಜ್ಜಿ?"

ಅಜ್ಜಿ ಪಕ್ಕದಲ್ಲಿ ಹರವಿದ್ದ ಸೀರೆಯ ಸೆರಗನ್ನು ಎತ್ತಿ ಗಾಯತ್ರಿಯ ಮೂಗಿನ ಹತ್ತಿರ ಹಿಡಿದಳು.

"ಎಂತ ವಾಸ್ನೆ ಬತ್ತದೆ?"

"ಹೊಗೆ ವಾಸನೆ."

"ಹೌದನ. ಮಳೆಗಾಲ ಇಡೀ ನಮ್ ಬಟ್ಟೆ ಒಣಗೂದು ಒಲೆ ಮೇಲೆ. ಮನ್ಸರೂ ಹೊಗೆ ವಾಸ್ನೆ, ಬಟ್ಟೆಯೂ ಹೊಗೆ ವಾಸ್ನೆ. ಅಂವ ಬಂದು ಇಲ್ಲೇ ಕೂತ. ಹೊರಗೆ ಧೋ ಅಂತ ಮಳೆ. ಚೀಲದಿಂದ ಒಣ ಅಂಗಿ ತೆಗ್ದು ಹಾಕ್ಕಂಡ. ಆ ಅಂಗಿಗೆ ಬಿಸ್ಲ ವಾಸ್ನೆ ಬತ್ತಿತ್ತು ಮಗಾ. ನಾ ಕೇಳ್ದೆ, ಎಲ್ಲಿಂದ ತಂದ್ಯೋ ಈ ಬಿಸ್ಲ ಅಂತ. ನಕ್ಕ. ಘಟ್ಟದ ಮೇಲೆ, ಹುಬ್ಳಿ ದಾಟಿ ಆಚೆ ಇದ್ದೆ ಅಜ್ಜಿ, ಅಲ್ಲಿ ಮಳೆನೇ ಇಲ್ಲ ಅಂದ."

ಗಾಯತ್ರಿಯ ಮೂಗಿನಲ್ಲಿ ಹೊಗೆಯ ವಾಸನೆ ಇನ್ನೂ ಇತ್ತು. ಬಿಸಿಲು ಎಲ್ಲಿಯದು ಎಂಬುದಕ್ಕೆ ಉತ್ತರ ಸಿಕ್ಕಿತ್ತು. ಯಾರು ಎಂಬುದೂ ಸಿಕ್ಕಿತ್ತು. ಅವಳ ಮನಸ್ಸು ಅದನ್ನು ಮುಟ್ಟಲು ಹೆದರುತ್ತಿತ್ತು.

"ಅಜ್ಜಿ, ನಿಮ್ಗೆ ಕಣ್ಣು ಸರಿ ಕಾಣೂದಿಲ್ಲ. ಬೇರೆ ಯಾರಾದ್ರೂ ಅವ್ರ ಹೆಸರು ಹೇಳ್ಕಂಡು..."

"ಪೊರೆ ಬಂದದ್ದು ಕಣ್ಣಿಗೆ. ಕಿವಿಗಲ್ಲ." ಅಜ್ಜಿಗೆ ಸಿಟ್ಟು ಬಂತು. "ಎಷ್ಟ್ ವರ್ಷ ನನ್ ಫೋಟೋ ಹೊಡೂಕೆ ಬಂದವ ಅಂವ. ಗಂಜಿ ಉಂಡ. ಉಂಡ ಬಟ್ಲ ತಾನೇ ತೊಳ್ದು, ಆ ಕಲ್ಲ ಮೇಲೆ ಬೋರಲು ಹಾಕಿ ಹೋದ. ಪ್ಯಾಟಿಂದ ನನ್ ಮನೆಗೆ ಬಂದವ್ರಲ್ಲಿ ಬಟ್ಲ ತೊಳ್ದು ಹೋಗೂದು ಒಬ್ನೇ. ಸತ್ತ ಅಂತ ನೀವೆಲ್ಲ ಹೇಳ್ದ್ರಿ. ಸತ್ತವ ಗಂಜಿಗೆ ಉಪ್ಪು ಕಮ್ಮಿ ಅಂತ ಹೇಳ್ತನಾ?"

ಪುಂಡಲೀಕ.

ಬಾಗಿಲ ಪಕ್ಕದ ತೊಳೆಯುವ ಕಲ್ಲಿನ ಮೇಲೆ ಒಂದು ಬಟ್ಟಲು ಬೋರಲಾಗಿತ್ತು. ಅಜ್ಜಿ ಅದನ್ನು ಇನ್ನೂ ಎತ್ತಿರಲಿಲ್ಲ.

ಹಾಗಾದರೆ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಮಾಜಾಳಿಗೆ ಬಂದ ಆ ಹೆಣ ಯಾರದು? ಗುರುತು ಹಿಡಿದವನು ರಾಮನಾಥ. ಅವನು ಯಾರನ್ನು ಪುಂಡಲೀಕ ಎಂದು ಸುಡಿಸಿದ?

ಅವಳನ್ನು ಹೆದರಿಸಿದ್ದು ಆ ಪ್ರಶ್ನೆಯಲ್ಲ. ಇನ್ನೊಂದು ವಿಷಯ ಈಗ ಹೊಳೆಯಿತು. ಹಳದಿಗೆ ಮದ್ದು ಬಿಸಿಲು ಎಂದು ಗೊತ್ತಿದ್ದವರು ಇಬ್ಬರೇ. ಗಾಯತ್ರಿ ಮಳೆಯಲ್ಲಿದ್ದಳು. ಗಾಜು ಬಿಸಿಲು ಕಂಡಿತ್ತು. ಉಳಿದವನು ಒಬ್ಬನೇ. ಈ ಲೆಕ್ಕವನ್ನು ರಾಮನಾಥ ಅವಳ ಅಂಗಡಿಯ ಸ್ಟೂಲಿನ ಮೇಲೆ ಕೂತೇ ಮಾಡಿ ಮುಗಿಸಿದ್ದ. ಪುಂಡಲೀಕ ಬದುಕಿದ್ದಾನೆ ಎಂದು ಅವನಿಗೆ ಹೇಳಿಕೊಟ್ಟವಳು ತಾನೇ, ಬಿಳಿ ಕಾಗದ ಹಾಸಿ, ಎರಡು ಲೆನ್ಸ್ ನಿಲ್ಲಿಸಿ.

ಮತ್ತು ರಾಜು ಅವನ ಕಾರಿನಲ್ಲಿದ್ದಾನೆ.

ಫೋನ್ ತೆಗೆದು ಸಂಧ್ಯಾರ ನಂಬರ್ ಒತ್ತಿದಳು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಒತ್ತಿದಳು.

"ಕಾರ್ ಬಂತು," ಎಂದಳು ಅಜ್ಜಿ, ಮುಖ ಬಯಲಿನ ಕಡೆ ತಿರುಗಿಸಿ. "ರಾಜು ಬಂದ."

ಬಿಳಿ ಕಾರು ಗದ್ದೆಯ ದಾರಿಯಲ್ಲಿ ಕೆಸರು ಹಾರಿಸುತ್ತ ಬಂದು ಅಂಗಳದ ಬೇಲಿಯ ಆಚೆ ನಿಂತಿತು. ಒಂದೇ ಬಾಗಿಲು ತೆರೆಯಿತು. ಚಹಾದ ಕಲೆಯ ಅಂಗಿಯಲ್ಲಿ ರಾಮನಾಥ ಇಳಿದ. ಹಿಂದಿನ ಸೀಟು ಖಾಲಿ. ಪಕ್ಕದ ಸೀಟೂ ಖಾಲಿ.

ಗಾಯತ್ರಿ ಲೆನ್ಸನ್ನು ಟವೆಲಿಗೆ ಸುತ್ತಿ ಅಜ್ಜಿಯ ಮಡಿಲಿಗೆ ಹಾಕಿದಳು. ಎದ್ದು ಹೋಗಿ ಬೇಲಿಯ ಬಾಗಿಲಾಗಿದ್ದ ದಣಪೆಗೆ ಅಡ್ಡ ನಿಂತಳು.

"ರಾಜು ಎಲ್ಲಿ?"

ರಾಮನಾಥ ಅವಳನ್ನು ದಾಟಿ ಅಂಗಳವನ್ನು ನೋಡಿದ. ಅಜ್ಜಿಯನ್ನು ನೋಡಿದ. ಬಾಗಿಲ ಪಕ್ಕದ ಕಲ್ಲನ್ನು, ಅದರ ಮೇಲೆ ಬೋರಲಾದ ಬಟ್ಟಲನ್ನು ಬಹಳ ಹೊತ್ತು ನೋಡಿದ. ಪುಂಡಲೀಕನ ಆ ರೂಢಿಯನ್ನು ಹೋಂಸ್ಟೇಯ ಮದುವೆಗಳಲ್ಲಿ ಅವನೂ ಕಂಡಿರಬೇಕು.

"ಹೇಳ್ತೇನೆ ಬಾಯಿ," ಎಂದ. "ಮೊದಲು ನೀನು ಹೇಳು. ಪುಂಡಲೀಕ ಎಲ್ಲಿ?"